ಎಚ್.ಐ.ವಿ. ಗುಳಿಗೆಗೆ ರೊಕ್ಕ ಬೇಕಿಲ್ಲ: ಎಲ್ಲಿ ಹೋಗಬೇಕು, ಏನು ಕೇಳಬೇಕು



ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಿಂದ ಗಂಡ ಹೆಂಡತಿ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಹೆಸರು ಬೇಡ, ಊರೂ ಬೇಡ. ಹೆಂಡತಿಗೆ ಎರಡು ವಾರದಿಂದ ಬಿಟ್ಟು ಬಿಟ್ಟು ಜ್ವರ, ನಾಲಿಗೆಯ ಮೇಲೆ ಬಿಳಿ ಪದರ, ಊಟ ಸೇರುತ್ತಿರಲಿಲ್ಲ. ರಕ್ತ ಪರೀಕ್ಷೆಯ ಮಾತು ಬಂದಾಗ ಆಕೆ ಗಂಡ ಹೊರಗೆ ಹೋಗುವವರೆಗೆ ಕಾದು, ಸೆರಗಿನ ಗಂಟು ಬಿಚ್ಚಿ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದು ಎಚ್.ಐ.ವಿ. ಗುಳಿಗೆಯ ಡಬ್ಬಿ, 30 ಗುಳಿಗೆಯದು. ದೂರದ ಊರೊಂದರ ಔಷಧಿ ಅಂಗಡಿಯಿಂದ ತಿಂಗಳಿಗೊಮ್ಮೆ ತರಿಸುತ್ತಿದ್ದರಂತೆ. ಸೋಂಕು ಇಬ್ಬರಿಗೂ ಇತ್ತು, ಡಬ್ಬಿ ಮಾತ್ರ ಒಂದೇ.

"ಎರಡು ಡಬ್ಬಿಗೆ ರೊಕ್ಕ ಎಲ್ಲಿಂದ ತರೂಣ್ರೀ? ಒಂದಿನ ಅವರು ನುಂಗತಾರ, ಒಂದಿನ ನಾನು" ಎಂದರು. ಆ ಡಬ್ಬಿಗಾಗಿ ಮೊದಲು ಕಿವಿಯ ಬೆಂಡೋಲೆ ಹೋಗಿತ್ತು, ಆಮೇಲೆ ಎರಡು ಆಡು.

ಅದೇ ಔಷಧ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ ಎಂದು ಹೇಳಿದಾಗ ಆಕೆ ಬೆರಗಾಗಲಿಲ್ಲ. ಅದು ಅವರಿಗೆ ಗೊತ್ತಿತ್ತು. ಆದರೆ ಎರಡು ಅನುಮಾನ ಇದ್ದವು. "ಅಲ್ಲಿ ಸಾಲಿನ್ಯಾಗ ನಿಂತರ ನಮ್ಮೂರವರು ಯಾರರ ನೋಡ್ಯಾರು" ಎಂಬುದು ಒಂದು. "ಪುಕ್ಕಟ ಕೊಡೂದು ಖರೇ ಗುಳಿಗಿ ಇರತದೇನ್ರೀ?" ಎಂಬುದು ಇನ್ನೊಂದು. ಈ ಎರಡು ಅನುಮಾನ ನಮ್ಮ ಭಾಗದಲ್ಲಿ ಬಹಳ ಮನೆಗಳ ರೊಕ್ಕವನ್ನೂ ಆರೋಗ್ಯವನ್ನೂ ತಿನ್ನುತ್ತಿವೆ. ಈ ಲೇಖನ ಬರೆದದ್ದು ಅದಕ್ಕಾಗಿ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಆಸ್ಪತ್ರೆಯಲ್ಲಿ ಎಚ್.ಐ.ವಿ. ಗುಳಿಗೆ ಕೊಡುವುದಿಲ್ಲ. ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಸರ್ಕಾರದ್ದು. ಅಲ್ಲಿಗೆ ದಾರಿ ತೋರಿಸುವುದು ನಮ್ಮ ಕೆಲಸ.

ಪುಕ್ಕಟೆ ಗುಳಿಗೆ ಕಳಪೆಯೇ?

ಅಲ್ಲ. ಈ ಅನುಮಾನ ಹೋಗಬೇಕಾದರೆ ಸ್ವಲ್ಪ ಹಿಂದಿನ ಕಥೆ ತಿಳಿಯಬೇಕು.

ಎಚ್.ಐ.ವಿ.ಯನ್ನು ಹತೋಟಿಯಲ್ಲಿಡುವ ಮೂರು ಔಷಧಗಳ ಚಿಕಿತ್ಸೆ 1996ರ ಸುಮಾರಿಗೆ ಬಂತು. ಆಗ ಶ್ರೀಮಂತ ದೇಶಗಳಲ್ಲಿ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರ್‌ಗೂ ಹೆಚ್ಚು ಖರ್ಚು ಬರುತ್ತಿತ್ತು. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಇತ್ತು, ಔಷಧಕ್ಕೇ ಇರಲಿಲ್ಲ. ಆದ್ದರಿಂದ ಇಲ್ಲಿನ ಕಂಪನಿಗಳು ಅದೇ ಔಷಧವನ್ನು ಬೇರೆ ವಿಧಾನದಲ್ಲಿ ತಯಾರಿಸಬಹುದಾಗಿತ್ತು. 2001ರ ಫೆಬ್ರುವರಿಯಲ್ಲಿ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದ್ ಅವರು ಮೂರೂ ಔಷಧಗಳನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುವುದಾಗಿ ಹೇಳಿದರು. ಆಫ್ರಿಕಾದ ಬಡ ದೇಶಗಳಿಗೆ ಈ ಗುಳಿಗೆ ಮುಟ್ಟಿದ್ದು ಹೆಚ್ಚಾಗಿ ಭಾರತದ ಕಾರ್ಖಾನೆಗಳಿಂದ. ಅಂದರೆ ಜಗತ್ತಿಗೆಲ್ಲ ಗುಳಿಗೆ ಕೊಟ್ಟ ದೇಶ ನಮ್ಮದು. ಇಲ್ಲಿಯ ಗುಳಿಗೆಯ ಮೇಲೆ ನಮಗೇ ಅನುಮಾನ ಎನ್ನುವುದು ವಿಚಿತ್ರವೇ ಸರಿ.

ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಈ ಔಷಧ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲಿಗೆ ಕೆಲವೇ ಆಸ್ಪತ್ರೆಗಳು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಆ ದಿನಗಳಲ್ಲಿ ಸಿಡಿ4 ಎಂಬ ರಕ್ಷಕ ಕಣಗಳ ಸಂಖ್ಯೆ 200ಕ್ಕಿಂತ ಕೆಳಗೆ ಬಂದವರಿಗೆ ಮಾತ್ರ ಗುಳಿಗೆ. ಉಳಿದವರು ಕಾಯಬೇಕಿತ್ತು. "ಹೋದರ ಇನ್ನೂ ಟೈಮ್ ಆಗಿಲ್ಲ ಅಂತ ಕಳಿಸತಾರ" ಎಂದು ಇಂದಿಗೂ ಹೇಳುವವರು ಆ ಕಾಲದ ಮಾತು ಹೇಳುತ್ತಿದ್ದಾರೆ. 2017ರಿಂದ ನಿಯಮ ಬದಲಾಗಿದೆ. ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಆರಂಭಿಸುತ್ತಾರೆ.

ಹಿಂದೆ ದಿನಕ್ಕೆ ಎರಡು ಹೊತ್ತು ಗುಳಿಗೆ ಇತ್ತು. ಕೆಲವರಿಗೆ ಕಾಲು ಜೋಮು, ಕೆನ್ನೆ ಬತ್ತುವುದು ಇಂಥ ತೊಂದರೆಗಳೂ ಇದ್ದವು. ಈಗ ಹೊಸದಾಗಿ ಸೇರುವ ಹೆಚ್ಚಿನ ವಯಸ್ಕರಿಗೆ ಟಿ.ಎಲ್.ಡಿ. ಎಂಬ ಒಂದೇ ಗುಳಿಗೆ, ದಿನಕ್ಕೊಮ್ಮೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧ ಅದರಲ್ಲೇ ಇವೆ. ಆ ದಂಪತಿ ಆಡು ಮಾರಿ ತರಿಸುತ್ತಿದ್ದ ಡಬ್ಬಿಯ ಮೇಲೂ ಇದೇ ಮೂರು ಹೆಸರು ಇದ್ದವು. ಗುಳಿಗೆ ಅದೇ, ಬೇರೆ ಇದ್ದದ್ದು ಬೆಲೆ ಒಂದೇ.

ಮೊದಲ ಹಂತದ ಔಷಧ ಕೆಲಸ ಮಾಡದಿದ್ದರೆ ಎರಡನೇ ಹಂತದ್ದು, ಅದೂ ಸಾಲದಿದ್ದರೆ ಮೂರನೇ ಹಂತದ್ದು. ಅವೂ ಉಚಿತ. ಎರಡನೇ ಹಂತದ ಔಷಧ 2008ರಿಂದ ಸರ್ಕಾರಿ ವ್ಯವಸ್ಥೆಯಲ್ಲಿದೆ. ಅದನ್ನು ಅಂಗಡಿಯಲ್ಲಿ ಕೊಳ್ಳಲು ಹೋದರೆ ಆಡಲ್ಲ, ಹೊಲ ಮಾರಬೇಕಾದೀತು.

ಒಂದು ದಿನ ಬಿಟ್ಟು ಒಂದು ದಿನ ನುಂಗಿದರೆ ಏನಾಗುತ್ತದೆ?

ನಮ್ಮ ಕಡೆ ಹತ್ತಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿಕೊರಕ ಹುಳಕ್ಕೆ ಎಣ್ಣೆ ಹೊಡೆಯುವಾಗ ಅಳತೆ ಕಡಿಮೆ ಮಾಡಿದರೆ ಸಾಯಬೇಕಾದ ಹುಳದಲ್ಲಿ ಅರ್ಧ ಉಳಿಯುತ್ತದೆ. ಉಳಿದ ಹುಳದ ಸಂತಾನಕ್ಕೆ ಆ ಎಣ್ಣೆ ನಾಟುವುದೇ ಇಲ್ಲ. ವೈರಸ್ಸೂ ಹಾಗೆಯೇ. ರಕ್ತದಲ್ಲಿ ಔಷಧ ಅರೆಬರೆ ಇದ್ದಾಗ ಅದು ಸಾಯದೆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಪೂರ್ತಿ ಗುಳಿಗೆ ಕೊಟ್ಟರೂ ನಾಟದೆ ಹೋಗಬಹುದು. ಒಂದು ಡಬ್ಬಿಯನ್ನು ಇಬ್ಬರು ಹಂಚಿಕೊಂಡರೆ ಇಬ್ಬರಿಗೂ ಚಿಕಿತ್ಸೆ ಇಲ್ಲದಂತೆಯೇ.

ಇದಕ್ಕೆ ಎದುರಾಗಿ, ದಿನವೂ ತಪ್ಪದೆ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾಗಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಯೂ ಉಚಿತವೇ. ಚಿಕಿತ್ಸೆ ಆರಂಭಿಸಿದ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡುತ್ತಾರೆ. ಮಾಡದಿದ್ದರೆ ನೀವೇ ಕೇಳಿ. ಕೇಳುವುದು ತಪ್ಪಲ್ಲ.

ಎಲ್ಲಿಗೆ ಹೋಗಬೇಕು?

ದೇವದುರ್ಗ ಮತ್ತು ಮಾನ್ವಿಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿರುವ ಐ.ಸಿ.ಟಿ.ಸಿ.ಗೆ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ಪರೀಕ್ಷೆ ಉಚಿತ. ಹೊರಗೆ ಪರೀಕ್ಷೆ ಮಾಡಿಸಿ ಸೋಂಕು ಇದೆ ಎಂದು ಬಂದಿದ್ದರೂ ಇಲ್ಲಿ ಮತ್ತೊಮ್ಮೆ ಖಚಿತಪಡಿಸುತ್ತಾರೆ, ಅದು ನಿಯಮ. ಅಲ್ಲಿಂದ ಚೀಟಿ ಕೊಟ್ಟು ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ ಕಳಿಸುತ್ತಾರೆ. ನಗರದವರು ನೇರವಾಗಿ ರಿಮ್ಸ್‌ಗೇ ಹೋಗಬಹುದು.

ಹೋಗುವಾಗ ಐ.ಸಿ.ಟಿ.ಸಿ. ವರದಿ, ಒಂದು ಗುರುತಿನ ಚೀಟಿ, ಒಂದೆರಡು ಫೋಟೊ ಇರಲಿ. ಮೊದಲೇ ಖಾಸಗಿಯಲ್ಲಿ ಗುಳಿಗೆ ತೆಗೆದುಕೊಂಡಿದ್ದರೆ ಆ ಡಬ್ಬಿ, ವೈದ್ಯರ ಚೀಟಿ ತಪ್ಪದೆ ಒಯ್ಯಿರಿ. ಎಷ್ಟು ದಿನ ತೆಗೆದುಕೊಂಡಿರಿ, ಎಷ್ಟು ದಿನ ಬಿಟ್ಟಿರಿ ಎಂಬುದನ್ನು ಮುಚ್ಚಿಡಬೇಡಿ. ಬೈದಾರು ಎಂಬ ಅಂಜಿಕೆಯಿಂದ "ದಿನಾಲೂ ತಗೊಂಡೀನ್ರೀ" ಎಂದರೆ ತಪ್ಪು ಔಷಧ ನಿಮ್ಮ ಪಾಲಿಗೆ ಬಂದೀತು. ಯಾವ ಕಾಗದವೂ ಇಲ್ಲವೆಂದು ಮನೆಯಲ್ಲಿ ಕೂರಬೇಡಿ. ಹೋಗಿ ಆಪ್ತಸಮಾಲೋಚಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿ.

ಬಿ.ಪಿ.ಎಲ್. ಕಾರ್ಡ್ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಕಿಲ್ಲ. ಬಡವರಿಗೆ ಒಂದು, ಉಳ್ಳವರಿಗೆ ಒಂದು ಎಂಬ ಲೆಕ್ಕ ಈ ಗುಳಿಗೆಗೆ ಇಲ್ಲ.

ಮೊದಲ ದಿನ ಹೊತ್ತು ಹಿಡಿಯುತ್ತದೆ. ರಕ್ತ ಪರೀಕ್ಷೆ, ಕ್ಷಯ ಇದೆಯೇ ಎಂಬ ತಪಾಸಣೆ, ಸಮಾಲೋಚನೆ ಎಲ್ಲ ಇರುತ್ತವೆ. ಹೆಸರು ನೋಂದಾಯಿಸಿ ಒಂದು ಹಸಿರು ಪುಸ್ತಕ ಕೊಡುತ್ತಾರೆ. ನಿಮ್ಮ ಚಿಕಿತ್ಸೆಯ ವಿವರ ಅದರಲ್ಲಿದೆ. ಮನೆಯ ಪಟ್ಟಾ ಪುಸ್ತಕ ಇಟ್ಟಂತೆ ಜೋಪಾನವಾಗಿಡಿ.

ಆರೋಗ್ಯ ಒಂದು ಹದಕ್ಕೆ ಬಂದ ಮೇಲೆ ಪ್ರತಿ ತಿಂಗಳು ರಾಯಚೂರಿಗೆ ಬರಬೇಕಾಗಿಲ್ಲ. ತಾಲ್ಲೂಕು ಮಟ್ಟದ ಲಿಂಕ್ ಎ.ಆರ್.ಟಿ. ಕೇಂದ್ರದಿಂದ ಗುಳಿಗೆ ಪಡೆಯುವ ಏರ್ಪಾಟು ಇದೆ. ಸ್ಥಿರವಾಗಿರುವವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಗೇ ಕೊಡುವ ನಿಯಮವೂ ಇದೆ. ನಿಮಗೆ ಹತ್ತಿರದ ಲಿಂಕ್ ಕೇಂದ್ರ ಯಾವುದು, ಮೂರು ತಿಂಗಳದ್ದು ಯಾವಾಗಿಂದ ಸಿಗುತ್ತದೆ ಎಂದು ಕೇಳಿ ಹಸಿರು ಪುಸ್ತಕದಲ್ಲೇ ಬರೆಸಿಕೊಳ್ಳಿ.

ಗುಳಿಗೆ ಪುಕ್ಕಟೆ, ದಾರಿ ಪುಕ್ಕಟೆ ಅಲ್ಲ

ನಿಜವಾದ ಖರ್ಚು ಇಲ್ಲಿದೆ. ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರದ್ದೂ ಹೋಯಿತು. ಬಸ್ಸು, ಚಹಾ, ಊಟ ಬೇರೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಗಬ್ಬೂರು, ದೇವದುರ್ಗ, ಮಾನ್ವಿ, ಸಿರವಾರ ಕಡೆಯಿಂದ ಬರುವ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಎಲ್ಲಿಗೆ, ಯಾಕೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಈ ಗುಟ್ಟಿನ ಕಾಯಿಲೆಗೆ ಅದೇ ದೊಡ್ಡ ಅನುಕೂಲ ಎಂದು ನನಗೆ ಅನಿಸುತ್ತದೆ.

ಗಂಡಸರಿಗೆ ಅಷ್ಟು ಅನುಕೂಲ ಇಲ್ಲ. ರೈಲಿನಲ್ಲಿ ಎ.ಆರ್.ಟಿ. ಕೇಂದ್ರಕ್ಕೆ ಚಿಕಿತ್ಸೆಗೆ ಹೋಗುವ ರೋಗಿಗೆ ಎರಡನೇ ದರ್ಜೆಯಲ್ಲಿ ಅರ್ಧ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ರಾಯಚೂರಿನಿಂದ ಬೆಂಗಳೂರಿಗೆ ದೊಡ್ಡ ಚಿಕಿತ್ಸೆಗೆ ಹೋಗುವವರಿಗೆ ಉಪಯೋಗ. ರೈಲೇ ಇಲ್ಲದ ದೇವದುರ್ಗದವರಿಗೆ ಅದು ಕನ್ನಡಿಯೊಳಗಿನ ಗಂಟು. ಹಾಗಾಗಿ ಲಿಂಕ್ ಕೇಂದ್ರ, ಮೂರು ತಿಂಗಳ ಗುಳಿಗೆ ಇವೆರಡನ್ನೂ ಬೆನ್ನು ಹತ್ತಿ ಕೇಳುವುದೇ ಗಂಡಸರಿಗೆ ಇರುವ ಉಳಿತಾಯ.

ಗುಳೆ ಹೋಗುವವರಿಗೆ

ದೇವದುರ್ಗ ತಾಲ್ಲೂಕಿನಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್ ಕಡೆ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಗುಳಿಗೆ ತಪ್ಪುವುದು ಹೆಚ್ಚಾಗಿ ಇವರಿಗೆ. ಒಂದು ತಿಂಗಳದ್ದು ಒಯ್ದಿರುತ್ತಾರೆ, ಮೇಸ್ತ್ರಿ ಬಿಡುವುದಿಲ್ಲ, ಡಬ್ಬಿ ಖಾಲಿಯಾಗುತ್ತದೆ. ಕೆಲವರು ಅಲ್ಲೇ ಅಂಗಡಿಯಲ್ಲಿ ಕೊಳ್ಳುತ್ತಾರೆ, ಕೆಲವರು "ಊರಿಗೆ ಹೋದ ಮ್ಯಾಲ ನೋಡೂಣು" ಎಂದು ಬಿಡುತ್ತಾರೆ. ಊರಿಗೆ ಬರುವುದು ಯುಗಾದಿಗೆ.

ಉಚಿತ ಗುಳಿಗೆ ದೇಶದ ಎಲ್ಲ ರಾಜ್ಯಗಳಲ್ಲೂ ಇದೆ. ಸ್ವಲ್ಪ ದಿನಕ್ಕೆ ಹೋಗುವವರು ಹಸಿರು ಪುಸ್ತಕ ತೋರಿಸಿ ಆ ಊರಿನ ಎ.ಆರ್.ಟಿ. ಕೇಂದ್ರದಲ್ಲೇ ತಾತ್ಕಾಲಿಕವಾಗಿ ಗುಳಿಗೆ ಪಡೆಯಬಹುದು. ಬಹಳ ಕಾಲಕ್ಕೆ ಹೋಗುವವರು ಹೆಸರನ್ನೇ ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು, ಬಂದ ಮೇಲೆ ಮತ್ತೆ ಇಲ್ಲಿಗೆ. ಹೊರಡುವ ಮೊದಲು ಒಂದು ಮಾತು ಕೇಂದ್ರದಲ್ಲಿ ತಿಳಿಸಿದರೆ ಹತ್ತಿರದ ಕೇಂದ್ರ ಯಾವುದು ಎಂದು ಅವರೇ ನೋಡಿ ಹೇಳುತ್ತಾರೆ. ಗಂಟು ಕಟ್ಟುವಾಗ ರೇಷನ್ ಕಾರ್ಡಿನ ಜೊತೆ ಹಸಿರು ಪುಸ್ತಕವೂ ಗಂಟಿನೊಳಗಿರಲಿ.

ಎಲ್ಲ ಕಾಲದಲ್ಲೂ ಎಲ್ಲವೂ ಸರಿಯಾಗಿರುತ್ತದೆ ಎಂದು ನಾವು ಹೇಳುವುದಿಲ್ಲ. 2022ರಲ್ಲಿ ದೇಶದ ಕೆಲವು ಕಡೆ ಗುಳಿಗೆಯ ಕೊರತೆ ಬಿದ್ದು, ಸೋಂಕಿತರೇ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯ ಮುಂದೆ ಧರಣಿ ಕೂತಿದ್ದರು. ಅಂಥ ವೇಳೆ ಬಂದರೆ ಬರಿಗೈಲಿ ತಿರುಗಬೇಡಿ. ತಿಂಗಳದ್ದು ಇಲ್ಲದಿದ್ದರೆ ವಾರದ್ದಾದರೂ ಕೇಳಿ, ಮತ್ತೆ ಬರುವ ದಿನ ಬರೆಸಿಕೊಳ್ಳಿ. 1097 ಎಂಬ ಉಚಿತ ಸಹಾಯವಾಣಿಗೆ ಫೋನ್ ಮಾಡಿ. ಹೆಸರು ಹೇಳದೆಯೂ ಮಾತಾಡಬಹುದು.

ಯಾರಾದರೂ ನೋಡಿದರೆ?

ಈ ಅಂಜಿಕೆ ಸುಳ್ಳಲ್ಲ. ಒಂದು ಮಾತು ಹೊರಬಿದ್ದು ಮದುವೆ ಮುರಿದದ್ದು, ಹೋಟೆಲಿನಲ್ಲಿ ಲೋಟ ಬೇರೆ ಇಟ್ಟದ್ದು ನಾವೂ ಕಂಡಿದ್ದೇವೆ. ಆದ್ದರಿಂದ "ಅಂಜಬೇಡಿ" ಎಂದು ಸುಮ್ಮನೆ ಹೇಳಿದರೆ ಸಾಲದು.

ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾಯ್ದೆಯಲ್ಲಿ ಹೇಳಿದ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಸೋಂಕಿನ ಕಾರಣಕ್ಕೆ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ನಿರಾಕರಿಸುವುದನ್ನು ಕಾಯ್ದೆ ನಿಷೇಧಿಸಿದೆ. 20 ಜನರಿಗಿಂತ ಕಡಿಮೆಯಿಲ್ಲದ ಆಸ್ಪತ್ರೆಗಳಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಅದರ ಮೇಲೆ ರಾಜ್ಯ ನೇಮಿಸುವ ಓಂಬುಡ್ಸ್‌ಮನ್ ಇದ್ದಾರೆ. ದೂರು 30 ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ 24 ಗಂಟೆಯೊಳಗೆ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ಉಚಿತ ನೆರವು ಇದೆ. ಫೋನ್ 15100.

ಇಷ್ಟಾದರೂ ರಿಮ್ಸ್‌ನ ಸಾಲಿನಲ್ಲಿ ನಿಲ್ಲಲು ಮನಸ್ಸು ಒಪ್ಪದಿದ್ದರೆ ಬೇರೆ ಜಿಲ್ಲೆಯ ಕೇಂದ್ರದಲ್ಲಿ, ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಹೆಸರು ಬರೆಸಬಹುದು. ದಾರಿ ಉದ್ದವಾಗುತ್ತದೆ, ಆದರೆ ಅಂಗಡಿಯಲ್ಲಿ ಕೊಂಡು ಅರ್ಧಕ್ಕೆ ಬಿಡುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು ಮಾತು: ಆ ಸಾಲಿನಲ್ಲಿ ನಿಮ್ಮನ್ನು ನೋಡುವವರು ಬಹುಪಾಲು ಅದೇ ಗುಳಿಗೆಗೆ ಬಂದವರು. ಅವರೂ ನಿಮ್ಮಂತೆಯೇ ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಾರೆ.

ಗುಳಿಗೆಯ ಹೊರಗಿನ ಸಹಾಯ

ಎಚ್.ಐ.ವಿ. ಜೊತೆ ಕ್ಷಯ ಇದ್ದವರಿಗೆ ಕ್ಷಯದ ಔಷಧವೂ ಉಚಿತ. ಚಿಕಿತ್ಸೆ ನಡೆಯುವಷ್ಟು ದಿನ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕಾಗಿ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆಯಬೇಕಾದರೆ ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ. ಸೋಂಕಿತರ ಬಡ ಕುಟುಂಬಗಳನ್ನು ಅಂತ್ಯೋದಯ ಪಡಿತರ ಪಟ್ಟಿಗೆ ಸೇರಿಸಬೇಕು ಎಂದು ಕೇಂದ್ರ ಸರ್ಕಾರ 2009ರಲ್ಲೇ ಸೂಚಿಸಿದೆ. ಅರ್ಜಿ ಕೊಡುವಾಗ ಎ.ಆರ್.ಟಿ. ಕೇಂದ್ರದ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಅಧಿಕಾರಿಯ ಕೈಗೇ ಕೊಡಿ, ಕಿಟಕಿಯಲ್ಲಿ ಎಲ್ಲರ ಮುಂದೆ ಬೇಡ.

ಸೋಂಕಿತ ಹೆಣ್ಣುಮಕ್ಕಳ ಸ್ವಂತ ಉದ್ಯೋಗಕ್ಕೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ, ಸೋಂಕಿಗೆ ಒಳಗಾದ ಮಕ್ಕಳಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವು ಇವೆ. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಸಾಕುತ್ತಿರುವ ಅಜ್ಜಿ, ಸೋದರಮಾವಂದಿರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ನೋಡಿ.

ಗರ್ಭಿಣಿಗೆ ಸೋಂಕು ಗೊತ್ತಾದರೆ ಒಂದು ದಿನವೂ ತಡ ಮಾಡಬೇಡಿ. ತಾಯಿಗೆ ಗುಳಿಗೆ, ಹುಟ್ಟಿದ ಕೂಸಿಗೆ ಸಿರಪ್, ಆರು ವಾರಕ್ಕೆ ಕೂಸಿನ ಪರೀಕ್ಷೆ ಎಲ್ಲ ಉಚಿತವಾಗಿವೆ.

"ಬೇರಿನಿಂದ ಗುಣ ಮಾಡುತ್ತೇವೆ" ಎಂದು ಸಾವಿರಾರು ರೂಪಾಯಿ ಕೇಳುವವರ ಹತ್ತಿರ ಹೋಗಬೇಡಿ. ಎಚ್.ಐ.ವಿ.ಯನ್ನು ಪೂರ್ತಿ ತೆಗೆದುಹಾಕುವ ಬೇರು ಯಾವ ಗುಡ್ಡದಲ್ಲೂ ಇಲ್ಲ.

ಜೊತೆಗೆ ಬಂದವರಿಗೆ

ಗುಳಿಗೆ ನುಂಗುವ ಹೊತ್ತನ್ನು ನೆನಪಿಸುವವರು ನೀವು. "ಇನ್ನೂ ಎಷ್ಟು ವರ್ಷ ನುಂಗಬೇಕು" ಎಂದು ಅವರು ಬೇಸತ್ತಾಗ ಪಕ್ಕದಲ್ಲಿ ಇರುವವರೂ ನೀವೇ. ಒಂದೇ ತಟ್ಟೆಯಲ್ಲಿ ಉಂಡರೆ, ಬಟ್ಟೆ ಒಗೆದರೆ, ಮಗುವನ್ನು ಎತ್ತಿಕೊಂಡರೆ ಸೋಂಕು ಬರುವುದಿಲ್ಲ. ಆಮ್ಲಪಿತ್ತದ ಔಷಧ, ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳನ್ನು ಈ ಗುಳಿಗೆಯ ಜೊತೆಗೇ ಕೊಡಬೇಡಿ, ಔಷಧದ ಬಲ ಕಡಿಮೆಯಾಗುತ್ತದೆ. ಯಾವುದು ಯಾವ ಹೊತ್ತಿಗೆ ಎಂದು ಎ.ಆರ್.ಟಿ. ಕೇಂದ್ರದಲ್ಲಿ ಕೇಳಿಕೊಳ್ಳಿ.

ಆ ದಂಪತಿ ನಾಲ್ಕು ದಿನ ನಮ್ಮಲ್ಲಿದ್ದು, ಜ್ವರ ಇಳಿದ ಮೇಲೆ ನಮ್ಮ ಸಮಾಲೋಚಕರ ಜೊತೆ ಹೋಗಿ ರಿಮ್ಸ್‌ನಲ್ಲಿ ಹೆಸರು ಬರೆಸಿದರು. ಹಿಂತಿರುಗಿ ಬಂದಾಗ ಆಕೆಯ ಕೈಯಲ್ಲಿ ಎರಡು ಡಬ್ಬಿ ಇದ್ದವು. ಒಂದರ ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದ್ದರು. "ಇದು ನಂದು, ಅದು ಅವರದು. ಕೂಡಿಕೆ ಆಗಬಾರದಲ್ರೀ" ಎಂದರು.